29 ಮನೆಗಳ ವಠಾರ, ಗೇಟು ಕಾಯುವವರು ಯಾರು?

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗಿ, ಅಲ್ಲಿ ವಿಮಾನ ಬದಲಿಸಿ ರೋಮ್‌ಗೆ ಹೋಗುವವರ ಪಾಸ್‌ಪೋರ್ಟನ್ನು ರೋಮ್‌ನಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಜರ್ಮನಿಯ ಪೊಲೀಸರು ಫ್ರಾಂಕ್‌ಫರ್ಟ್‌ನಲ್ಲೇ ನೋಡಿ ಮುಗಿಸಿರುತ್ತಾರೆ, ಇಟಲಿ ಅದನ್ನು ತಾನೇ ನೋಡಿದಂತೆ ಒಪ್ಪಿಕೊಳ್ಳುತ್ತದೆ. ತಮ್ಮ ನಡುವಿನ ಗಡಿ ತಪಾಸಣೆಯನ್ನು ತೆಗೆದುಹಾಕಿದ ಯೂರೋಪಿನ ದೇಶಗಳ ಷೆಂಗೆನ್ ವ್ಯವಸ್ಥೆಯ ತಿರುಳು ಇದೇ. ವಠಾರದ ಒಳಗೋಡೆಗಳನ್ನು ತೆಗೆದ ಮೇಲೆ ಗೇಟಿನ ಹತ್ತಿರ ಇರುವವನು ಎಲ್ಲರ ಪರವಾಗಿ ಕಾಯಬೇಕು. ಅವನು ಎಡವಿದರೆ ಅದರ ಫಲವೂ ಎಲ್ಲರಿಗೂ.

1985ರ ಜೂನ್ 14ರಂದು ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಊರಿನ ಬಳಿ, ಮೊಸೆಲ್ ನದಿಯ ಹಡಗೊಂದರಲ್ಲಿ ಐದು ದೇಶಗಳು ಇದರ ಒಪ್ಪಂದಕ್ಕೆ ಸಹಿ ಹಾಕಿದವು. ಗಡಿಯ ತಪಾಸಣೆ ನಿಜವಾಗಿ ನಿಂತದ್ದು ಹತ್ತು ವರ್ಷದ ನಂತರ, 1995ರ ಮಾರ್ಚ್ 26ಕ್ಕೆ. ಈಗ 29 ದೇಶಗಳಿವೆ. ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್ ಯೂರೋಪಿಯನ್ ಒಕ್ಕೂಟದಲ್ಲಿ ಇಲ್ಲದಿದ್ದರೂ ಇದರಲ್ಲಿವೆ. ಐರ್ಲೆಂಡ್ ಒಕ್ಕೂಟದಲ್ಲಿದ್ದರೂ ಇದರಲ್ಲಿಲ್ಲ. ನಮ್ಮವರು 'ಯೂರೋಪ್ ವೀಸಾ' ಅನ್ನುವುದರಲ್ಲಿ ಅರ್ಧ ಗೊಂದಲ ಇಲ್ಲೇ ಶುರುವಾಗುತ್ತದೆ.

ಇಮಿಗ್ರೇಷನ್ ಕೌಂಟರ್‌ನಲ್ಲಿ ನಿಂತ ಒಂದೆರಡು ನಿಮಿಷದಲ್ಲಿ ಏನೇನು ನಡೆಯುತ್ತದೆ ಅಂತ ತಿಳಿದಿದ್ದರೆ ಒಳ್ಳೆಯದು. ಪಾಸ್‌ಪೋರ್ಟ್ ಅಸಲಿಯೇ, ಕಳೆದುಹೋಗಿದೆ ಎಂದು ದೂರು ಆಗಿದೆಯೇ ಎಂದು ನೋಡುತ್ತಾರೆ. ಹಳೆಯ ಪಾಸ್‌ಪೋರ್ಟ್ ಕಳೆದಿದೆ ಅಂತ ದೂರು ಕೊಟ್ಟು, ಆಮೇಲೆ ಅದು ಸಿಕ್ಕಿತೆಂದು ಅದರಲ್ಲೇ ಹೊರಡುವವರು ಸಿಕ್ಕಿಬೀಳುವುದು ಇಲ್ಲಿ. ಮುಂದಿನದು ಷೆಂಗೆನ್ ಮಾಹಿತಿ ವ್ಯವಸ್ಥೆ, ಅಂದರೆ ಎಸ್‌ಐಎಸ್. ಇದರ ಮುಖ್ಯ ಯಂತ್ರ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದೆ, ಮೀಸಲು ಯಂತ್ರ ಆಸ್ಟ್ರಿಯಾದಲ್ಲಿ. 'ಇವರನ್ನು ಒಳಗೆ ಬಿಡಬೇಡಿ' ಎಂದು ಸ್ಪೇನ್ ಬರೆದಿಟ್ಟದ್ದು ಫಿನ್‌ಲ್ಯಾಂಡಿನ ಕೌಂಟರ್‌ನಲ್ಲೂ ಕಾಣುತ್ತದೆ. ಬರೆದದ್ದಕ್ಕೆ ವಿವರಣೆ ಬೇಕಾದರೆ ಪ್ರತಿ ದೇಶದಲ್ಲೂ ಹಗಲಿರುಳು ತೆರೆದಿರುವ ಸೈರೀನ್ ಎಂಬ ಕಚೇರಿಯ ಮೂಲಕ ಕೇಳುತ್ತಾರೆ. ನಮ್ಮಂಥವರಿಗೆ ಇದಾದ ಮೇಲೆ ವೀಸಾ ದಾಖಲೆ. ಅರ್ಜಿ ಹಾಕಿದಾಗ ಕೊಟ್ಟ ಹತ್ತು ಬೆರಳಚ್ಚು ಅಲ್ಲಿರುತ್ತದೆ, ವೀಸಾ ಪಡೆದವರೇ ಬಂದಿದ್ದಾರೆಯೇ ಎಂದು ಅದರಿಂದ ತಾಳೆ ನೋಡುತ್ತಾರೆ.

2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದಿರುವುದು ಇಇಎಸ್, ಬಂದುಹೋದ ಲೆಕ್ಕ ಇಡುವ ವ್ಯವಸ್ಥೆ. ಶಾಯಿಯ ಸ್ಟಾಂಪ್‌ನ ಜಾಗಕ್ಕೆ ಇದು. ವೀಸಾ ಬೇಡದ ದೇಶದವರಿಂದ ನಾಲ್ಕು ಬೆರಳಚ್ಚು ಮತ್ತು ಫೋಟೊ ತೆಗೆದುಕೊಳ್ಳುತ್ತಾರೆ. ಅಲ್ಪಾವಧಿ ವೀಸಾ ಇರುವ ಭಾರತೀಯರ ಬೆರಳಚ್ಚು ವೀಸಾ ದಾಖಲೆಯಲ್ಲೇ ಇರುವುದರಿಂದ ಇಇಎಸ್‌ನಲ್ಲಿ ಮತ್ತೆ ಇಡುವುದಿಲ್ಲ, ಮುಖದ ಚಿತ್ರ ಮಾತ್ರ ಸೇರುತ್ತದೆ. ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ವಾಸದ ಪರವಾನಗಿ ಪಡೆದು ಕೆಲಸದಲ್ಲಿರುವವರಿಗೆ ಇದು ಅನ್ವಯಿಸದು.

ಸ್ಟಾಂಪ್ ಹೋದದ್ದರಿಂದ ದಿನದ ಲೆಕ್ಕದಲ್ಲಿ ರಿಯಾಯಿತಿಯೂ ಹೋಯಿತು. ಮೊದಲು ಅಧಿಕಾರಿ ಪುಟ ತಿರುವಿ ಬೆರಳಲ್ಲಿ ಎಣಿಸಬೇಕಿತ್ತು, ಈಗ ಯಂತ್ರವೇ ಎಣಿಸುತ್ತದೆ. ನಿಯಮ ಇಷ್ಟು. ಯಾವ ದಿನ ನೋಡಿದರೂ, ಆ ದಿನವನ್ನೂ ಸೇರಿಸಿ ಹಿಂದಿನ 180 ದಿನಗಳಲ್ಲಿ ಒಳಗಿದ್ದದ್ದು 90 ದಿನ ಮೀರಬಾರದು. ಬಂದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಉದಾಹರಣೆಗೆ 2026ರ ಜನವರಿ 1ಕ್ಕೆ ಬಂದು ಮಾರ್ಚ್ 31ಕ್ಕೆ ಹೊರಟರೆ 31, 28, 31 ಸೇರಿ ಸರಿಯಾಗಿ 90. ಮತ್ತೆ ಕಾಲಿಡಬಹುದಾದ ಮೊದಲ ದಿನ ಜೂನ್ 30. 'ಮೂರು ತಿಂಗಳು ಇದ್ದು, ಒಂದು ವಾರ ಹೊರಗೆ ಹೋಗಿ ಬಂದರೆ ಮತ್ತೆ ಮೂರು ತಿಂಗಳು' ಅನ್ನುವುದು ಶುದ್ಧ ಸುಳ್ಳು. ದೇಶ ಬದಲಿಸಿದರೆ ಲೆಕ್ಕ ಹೊಸದಾಗುತ್ತದೆ ಅನ್ನುವುದೂ ಹಾಗೆಯೇ. 29 ದೇಶಕ್ಕೂ ಸೇರಿ ಒಂದೇ ಖಾತೆ. ವೀಸಾ ಚೀಟಿಯ ಮೇಲೆ 'ಇಂತಿಷ್ಟು ದಿನ' ಎಂದು ಬರೆದಿದ್ದರೆ ಅದನ್ನೂ ಮೀರುವಂತಿಲ್ಲ, ಚೀಟಿಯ ಕೊನೆಯ ದಿನಾಂಕ ಇನ್ನೂ ದೂರ ಇದ್ದರೂ ಸರಿಯೇ.

ಹೆಚ್ಚು ಜನ ಎಡವುವುದು ಒಂದೇ ಪ್ರವೇಶದ ವೀಸಾದಲ್ಲಿ. ಗ್ರೀಸಿನ ಕೋಸ್ ದ್ವೀಪದಿಂದ ಟರ್ಕಿಯ ಬೋದ್ರುಮ್‌ಗೆ ದೋಣಿಯಲ್ಲಿ ಹೋಗಿ ಸಂಜೆ ಬಂದುಬಿಡೋಣ ಅಂದರೆ ಮುಗಿಯಿತು. ಬೋದ್ರುಮ್‌ಗೆ ಹೊರಟಾಗಲೇ ಆ ಪ್ರವೇಶ ಖರ್ಚಾಗಿದೆ, ವಾಪಸು ಬಿಡುವುದಿಲ್ಲ. ಪ್ಯಾರಿಸ್‌ನಿಂದ ಲಂಡನ್‌ಗೆ ಹೋಗಿ ಬರುವುದೂ ಇದೇ ಕಥೆ. ಕ್ರೊಯೇಷಿಯಾದಲ್ಲಿ ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಹೋಗುವ ಹಳೆಯ ಕರಾವಳಿ ರಸ್ತೆ ನಡುವೆ ನೆಯುಮ್ ಎಂಬಲ್ಲಿ ಬೋಸ್ನಿಯಾವನ್ನು ದಾಟುತ್ತದೆ. 2022ರಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆಯ ಮೇಲೆ ಹೋದರೆ ಕ್ರೊಯೇಷಿಯಾ ಬಿಡುವ ಪ್ರಶ್ನೆಯೇ ಇಲ್ಲ. ಗೂಗಲ್ ಮ್ಯಾಪ್‌ಗೆ ನಿಮ್ಮ ವೀಸಾ ಯಾವುದೆಂದು ಗೊತ್ತಿರುವುದಿಲ್ಲ, ಆದ್ದರಿಂದ ದಾರಿಯನ್ನು ನೀವೇ ನೋಡಿಕೊಳ್ಳಿ.

ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೆಂದು ಯಾವುದೋ ದೇಶದ ವೀಸಾ ಮಾಡಿಸಿ ಬೇರೆಲ್ಲೋ ಇಡೀ ಪ್ರವಾಸ ಮಾಡುವುದು ಇನ್ನೊಂದು ಚಾಳಿ. ಅರ್ಜಿ ಹಾಕಬೇಕಾದ್ದು ಮುಖ್ಯ ಉದ್ದೇಶ ಎಲ್ಲಿದೆಯೋ ಅಥವಾ ಹೆಚ್ಚು ದಿನ ಎಲ್ಲಿರುತ್ತೀರೋ ಆ ದೇಶಕ್ಕೆ. ಅದು ತೀರ್ಮಾನವಾಗದಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ವೀಸಾ ಕೊಟ್ಟ ದೇಶದಲ್ಲೇ ಇಳಿಯಬೇಕೆಂಬ ನಿಯಮವಿಲ್ಲ. ಆದರೆ ಹೋಟೆಲ್ ಬುಕಿಂಗ್ ನೋಡಿದ ಗಡಿ ಅಧಿಕಾರಿಗೆ ವೀಸಾ ಕೊಟ್ಟ ದೇಶದ ಹೆಸರೇ ಎಲ್ಲೂ ಕಾಣದಿದ್ದರೆ, ಮೋಸದಿಂದ ಪಡೆದ ವೀಸಾ ಎಂದು ಅಲ್ಲೇ ರದ್ದು ಮಾಡುವ ಅಧಿಕಾರ ಅವರಿಗಿದೆ, ಅದನ್ನು ಕೊಟ್ಟದ್ದು ಬೇರೆ ದೇಶವೇ ಆಗಿದ್ದರೂ.

ಒಳಗೆ ಬಿಡದಿದ್ದರೆ ಒಂದು ನಮೂನೆ ಕೊಡುತ್ತಾರೆ. ಅದರಲ್ಲಿ ಕಾರಣಕ್ಕೆ ಅಕ್ಷರದ ಗುರುತು ಇರುತ್ತದೆ. ಎಫ್ ಅಂದರೆ 90 ದಿನ ಆಗಲೇ ಮುಗಿದಿದೆ, ಎಚ್ ಅಂದರೆ 'ಒಳಗೆ ಬಿಡಬೇಡಿ' ಎಂದು ಯಾವುದೋ ದೇಶ ಹೆಸರು ಬರೆದಿಟ್ಟಿದೆ. ಮೇಲ್ಮನವಿಗೆ ಅವಕಾಶವಿದೆ, ಅದು ತೀರ್ಮಾನವಾಗುವವರೆಗೆ ಒಳಗೆ ಮಾತ್ರ ಬಿಡುವುದಿಲ್ಲ.

ಇಇಎಸ್‌ನಲ್ಲಿ ಹೊರಟ ದಾಖಲೆ ಬೀಳದೇ ಹೋದರೆ, ಅವಧಿ ಮೀರಿ ಉಳಿದವರ ಪಟ್ಟಿಗೆ ಹೆಸರು ತಾನಾಗಿಯೇ ಸೇರುತ್ತದೆ. ಮಾಮೂಲಿ ದಾಖಲೆ ಮೂರು ವರ್ಷ ಇದ್ದರೆ, ಹೀಗೆ ಅರ್ಧಕ್ಕೆ ನಿಂತದ್ದು ಐದು ವರ್ಷ ಇರುತ್ತದೆ. ಇದನ್ನು ಅಳಿಸಲು ನಿಮ್ಮ ಕೈಲಿರುವುದು ಬೋರ್ಡಿಂಗ್ ಪಾಸ್ ಮತ್ತು ಬೆಂಗಳೂರಿಗೆ ಬಂದಿಳಿದ ದಿನದ ಭಾರತದ ಸ್ಟಾಂಪ್. ಎರಡರ ಫೋಟೊವನ್ನೂ ಮುಂದಿನ ವೀಸಾ ಸಿಗುವವರೆಗೆ ಇಟ್ಟುಕೊಳ್ಳಿ.

ಕೆಲವು ಗಡಿಗಳಲ್ಲಿ ಆ ದೇಶದ ಪೊಲೀಸರ ಪಕ್ಕದಲ್ಲೇ ನೀಲಿ ತೋಳುಪಟ್ಟಿ ಕಟ್ಟಿದವರು ಕಾಣುತ್ತಾರೆ. ಅವರು ಯೂರೋಪಿಯನ್ ಒಕ್ಕೂಟದ ಗಡಿ ಕಾಯುವ ಸಂಸ್ಥೆಯಾದ ಫ್ರಾಂಟೆಕ್ಸ್‌ನವರು, ಕೇಂದ್ರ ಕಚೇರಿ ಪೋಲೆಂಡಿನ ವಾರ್ಸಾದಲ್ಲಿ. 2027ರ ಹೊತ್ತಿಗೆ 10,000 ಜನರ ಕಾಯಂ ಪಡೆ ಕಟ್ಟುವ ಗುರಿ 2019ರ ಕಾನೂನಿನಲ್ಲಿದೆ. ಎಲ್ಲಿಂದ ಬಂದಿದ್ದರೂ ಅವರು ಕೆಲಸ ಮಾಡುವುದು ಆ ನೆಲದ ಅಧಿಕಾರಿಗಳ ಅಪ್ಪಣೆಯಂತೆ. ಆ ದೇಶ ಅಧಿಕಾರ ಕೊಡದಿದ್ದರೆ ಪ್ರವೇಶ ನಿರಾಕರಿಸುವ ತೀರ್ಮಾನ ಅವರದಲ್ಲ, ಆದ್ದರಿಂದ ಅವರ ಹತ್ತಿರ ವಾದ ಮಾಡಿ ಉಪಯೋಗವಿಲ್ಲ.

ಒಳಗೋಡೆ ಬಿದ್ದಿದೆ ಅಂದೆನಲ್ಲ, ಅಲ್ಲೂ ಆಗಾಗ ತಡಿಕೆ ಕಟ್ಟುತ್ತಾರೆ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನೆಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿ, ಆಮೇಲೆ ವಿಸ್ತರಿಸಿತು. ಅಲ್ಲಿ ಸ್ಟಾಂಪೂ ಇಲ್ಲ, ಇಇಎಸ್ ದಾಖಲೆಯೂ ಇಲ್ಲ, ದಿನದ ಲೆಕ್ಕವೂ ಬದಲಾಗುವುದಿಲ್ಲ. ಆದರೆ ರೈಲಿನಲ್ಲಿ ಕೇಳಿದಾಗ ತೋರಿಸಬೇಕಾದ್ದು ಅಸಲಿ ಪಾಸ್‌ಪೋರ್ಟ್. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ಹೋಟೆಲ್ ರೂಮಿನಲ್ಲಿ ಅದನ್ನು ಭದ್ರವಾಗಿಟ್ಟು, ಮೊಬೈಲ್‌ನಲ್ಲಿ ಫೋಟೊ ಇಟ್ಟುಕೊಂಡು ಮ್ಯೂನಿಕ್‌ಗೆ ಹೊರಡಬೇಡಿ.