ಗೆರೆ ಕಡಿಯುವ ಜಾಗ

ನಾಲ್ಕು ಭಾನುವಾರದಿಂದ ನನಗೆ ಒಂದೇ ಕೆಲಸ. ನಗರದ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು, ಜೇಬಿಗೆ ಅಳತೆ ಟೇಪು ಹಾಕಿಕೊಂಡು ಸೈಕಲ್ ಹತ್ತುವುದು. ಕಾರುಗಳ ಕಾಟವಿಲ್ಲದೆ ನಡೆಯಬಹುದಾದ, ಸೈಕಲ್ ತುಳಿಯಬಹುದಾದ ಜಾಗ ಸಿಕ್ಕರೆ ಹಸಿರು ಪೆನ್ನಿನಲ್ಲಿ ಗೆರೆ ಎಳೆಯುವುದು. ಕಾಲುವೆ ದಂಡೆ, ಹೈಟೆನ್ಷನ್ ತಂತಿಯ ಕೆಳಗಿನ ಖಾಲಿ ಪಟ್ಟಿ, ರೈಲು ನಿಂತುಹೋದ ಹಳಿ, ಪಾರ್ಕಿನ ಹಿಂದಿನ ಸಣ್ಣ ಬೀದಿ. ಮೊದಲ ವಾರ ಖುಷಿಯೋ ಖುಷಿ. ಇಷ್ಟೊಂದು ಹಸಿರು ಇದೆಯಲ್ಲ!

ಎರಡನೇ ವಾರ ಅಪ್ಪನನ್ನು ಕರೆದುಕೊಂಡು ನಡೆದೇ ಹೋದೆ. ಅವರಿಗೆ 74, ಕೈಯಲ್ಲಿ ಕೋಲು. ಕಾಲುವೆ ದಂಡೆಯ ಮೇಲೆ ಆರಾಮಾಗಿ ನಡೆದರು. ಒಂದು ಕಿಲೋಮೀಟರ್ ಆದಮೇಲೆ ದಾರಿ ದೊಡ್ಡ ರಸ್ತೆಯೊಂದರ ಅಂಚಿಗೆ ಬಂದು ಸುಮ್ನೆ ನಿಂತುಬಿಟ್ಟಿತು. ಎದುರಿಗೇ ಪಾರ್ಕಿನ ಗೇಟು ಕಾಣುತ್ತಿದೆ. ಮಧ್ಯೆ 18 ಮೀಟರ್ ಟಾರು. ದಾಟುವ ಸಿಗ್ನಲ್ ಇರುವುದು 300 ಮೀಟರ್ ಎಡಕ್ಕೆ. ಹೋಗಿ, ದಾಟಿ, ಆ ಬದಿಯಲ್ಲಿ ವಾಪಸ್ ಬಂದರೆ 600. ಗಂಟೆಗೆ 5 ಕಿಲೋಮೀಟರ್ ನಡೆಯುವವರಿಗೂ 7 ನಿಮಿಷ ದಾಟುತ್ತದೆ.

"ಇಲ್ಲೇ ದಾಟಿಬಿಡೋಣ್ವೇನೋ?" ಅಂದರು ಅಪ್ಪ. ಎಲ್ಲರೂ ಮಾಡುವುದು ಅದನ್ನೇ. ಡಿವೈಡರ್ ಮೇಲಿನ ಹುಲ್ಲು ಒಂದು ಮಾರು ಅಗಲಕ್ಕೆ ಸವೆದು ಮಣ್ಣು ಕಾಣುತ್ತಿತ್ತು. ಜನ ಎಲ್ಲಿ ದಾಟುತ್ತಾರೆ ಅಂತ ತಿಳಿಯಲು ಸರ್ವೆ ಬೇಕಿಲ್ಲ, ಆ ಮಣ್ಣು ನೋಡಿದರೆ ಸಾಕು.

ನಾವು ಸಿಗ್ನಲ್ಲಿಗೇ ಹೋದೆವು. ನಡೆಯುವವರಿಗೆ ಸಿಕ್ಕಿದ್ದು 15 ಸೆಕೆಂಡ್. ಸೆಕೆಂಡಿಗೆ 1.2 ಮೀಟರ್ ನಡೆದರೆ ಲೆಕ್ಕ ಸರಿಹೋಗುತ್ತದೆ. ಅಪ್ಪನದು 0.8. ದೀಪ ಕೆಂಪಾದಾಗ ಇನ್ನೂ 6 ಮೀಟರ್ ಬಾಕಿ, ಹಾರ್ನ್ ಶುರು. ಆಮೇಲೆ ಒಂದು ಗೇಣು ಎತ್ತರದ ಫುಟ್‌ಪಾತ್ ಹತ್ತಬೇಕು.

ಮನೆಗೆ ಬಂದು ಕೆಂಪು ಪೆನ್ನು ತೆಗೆದೆ. ಗೆರೆ ಕಡಿಯುವ ಕಡೆಗೆಲ್ಲ ಒಂದೊಂದು ಸುತ್ತು. ಈಗ ನಕ್ಷೆಯಲ್ಲಿ 23 ಸುತ್ತುಗಳಿವೆ. ದುಡ್ಡು ಬಂದರೆ ಮೊದಲು ಇವಕ್ಕೆ ಹಾಕಬೇಕು ಅನ್ನುವುದು ನನ್ನ ಹಟ. ಇದ್ದ ದಾರಿಗೇ ಕಲ್ಲುಬೆಂಚು, ಚಿಟ್ಟೆಯ ಪ್ರತಿಮೆ ಹಾಕಿ ರಿಬ್ಬನ್ ಕತ್ತರಿಸುವುದು ಸುಲಭ. ಫೋಟೋನೂ ಚೆನ್ನಾಗಿ ಬರುತ್ತೆ, ಅಲ್ವಾ?

ಸ್ಪೇನಿನ ಸೆವಿಲ್ ನಗರದವರು 2006ರ ಸುಮಾರಿಗೆ ಶುರುಮಾಡಿ, ಹೆಚ್ಚುಕಮ್ಮಿ 80 ಕಿಲೋಮೀಟರ್ ಸೈಕಲ್ ದಾರಿಯನ್ನು ಒಂದಕ್ಕೊಂದು ಕೂಡಿದ ಜಾಲವಾಗಿ ಒಟ್ಟಿಗೇ ಹಾಕಿದರು. ಸೈಕಲ್‌ನವರು ಜಾಸ್ತಿಯಾದರು. ಅಮೆರಿಕದ ಅಟ್ಲಾಂಟಾ ನಗರದ ಕಥೆ ಬೇರೆ. ಹಳೆಯ ರೈಲು ಹಳಿಗಳನ್ನು ಸೇರಿಸಿ ನಗರದ ಸುತ್ತ ಉಂಗುರ ಮಾಡಬಹುದು ಅಂತ ರಯನ್ ಗ್ರಾವೆಲ್ ವಿದ್ಯಾರ್ಥಿಯಾಗಿದ್ದಾಗ, 1999ರಲ್ಲಿ, ಪ್ರಬಂಧ ಬರೆದರು. ಉಂಗುರ ಸುಮಾರು 35 ಕಿಲೋಮೀಟರ್. ಅದನ್ನು ತುಂಡು ತುಂಡಾಗಿ ಕಟ್ಟುತ್ತಾ ಬಂದಿದ್ದಾರೆ. ಈಸ್ಟ್‌ಸೈಡ್ ತುಂಡು ತೆರೆದದ್ದೇ 2012ರಲ್ಲಿ. ತುಂಡಾಗಿ ಕಟ್ಟಿದರೂ ಪೂರ್ತಿ ಉಂಗುರ ಯಾವುದು ಅನ್ನುವುದು ಕಾಗದದ ಮೇಲಿತ್ತು. ನಮ್ಮಲ್ಲಿ ಇಲ್ಲದ್ದು ಅದೇ.

ಅಗಲದ ವಿಷಯವೂ ಇದೆ. ನಡೆಯುವವರೂ ಸೈಕಲ್‌ನವರೂ ಒಂದೇ ದಾರಿ ಹಂಚಿಕೊಂಡರೆ 3 ಮೀಟರ್ ಆದರೂ ಬೇಕು. ಹಳಿಯ ಪಕ್ಕದ ದಾರಿ ಅಳೆದೆ: 1.8. ನಟ್ಟನಡುವೆ ದೀಪದ ಕಂಬ! ನಾನು ಬೆಲ್ ಹೊಡೆದರೆ ಮುಂದಿದ್ದವರು ಬೆಚ್ಚಿಬೀಳುತ್ತಾರೆ, ಹೊಡೆಯದಿದ್ದರೆ ಬೈಯುತ್ತಾರೆ. ಎರಡೂ ಅನುಭವಿಸಿದ್ದೇನೆ.

ಮೊನ್ನೆ ಅಪ್ಪ ನಕ್ಷೆ ಹರವಿಕೊಂಡು ಕೂತಿದ್ದರು. ಕೆಂಪು ಪೆನ್ನು ತಾವೇ ತೆಗೆದುಕೊಂಡು, ನಾನು ಎಲ್ಲ ಸರಿಯಿದೆ ಅಂದುಕೊಂಡಿದ್ದ ಕಾಲುವೆ ದಂಡೆಯ ನಡುಮಧ್ಯೆ ಒಂದು ಸುತ್ತು ಹಾಕಿದರು.

"ಇಲ್ಲೇನು ತೊಂದರೆ ಅಪ್ಪ?"

"ಅಷ್ಟು ದೂರ ಕೂರೋಕೆ ಒಂದು ಬೆಂಚೂ ಇಲ್ಲ ಕಣೋ."

24.