ಶಟಲ್, ದಾರ ಮತ್ತು ಅಕ್ಕನ ಮಗಳ ಬುಕ್‌ಮಾರ್ಕ್

ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಟ್ಯಾಟಿಂಗ್ ಲೇಸಿನ ಒಂದು ಬುಕ್‌ಮಾರ್ಕ್ ಮಾಡುತ್ತಿದ್ದೇನೆ. ಬೇಕಾಗಿರುವುದು ಅಂಗೈಯಲ್ಲಿ ಹಿಡಿಸುವ ಶಟಲ್ (ದಾರ ಸುತ್ತಿಡುವ ಪುಟ್ಟ ಲಾಳಿ) ಮತ್ತು 40ನೇ ನಂಬರಿನ ಹತ್ತಿ ದಾರ, ಅಷ್ಟೇ. ಕ್ರೋಶಾ ಕುಣಿಕೆಯ ಕೆಲಸ, ಟ್ಯಾಟಿಂಗ್ ಪೂರ್ತಿ ಗಂಟಿನದು. ಎಡಗೈ ಬೆರಳುಗಳಿಗೆ ದಾರ ಸುತ್ತಿಕೊಂಡು ಶಟಲನ್ನು ಒಮ್ಮೆ ಕೆಳಗಿನಿಂದ, ಒಮ್ಮೆ ಮೇಲಿನಿಂದ ದಾಟಿಸಿದರೆ ಎರಡು ಅರ್ಧ ಗಂಟು ಸೇರಿ ಒಂದಾಗುತ್ತದೆ. ಗುಟ್ಟೆಲ್ಲ ಇರುವುದು ಇಲ್ಲೇ: ಶಟಲಿನ ದಾರ ಬಿಗಿ ಹಿಡಿದು ಬೆರಳಿನ ದಾರ ಸಡಿಲ ಬಿಟ್ಟಾಗ ಗಂಟು ಟಕ್ ಅಂತ ಶಟಲಿನ ದಾರದಿಂದ ಬೆರಳಿನ ದಾರಕ್ಕೆ ಹಾರಬೇಕು, ಹಾರಿದರೆ ಮಾತ್ರ ಕೊನೆಗೆ ಎಳೆದಾಗ ಗಂಟುಗಳು ಜಾರಿ, ಬೆರಳಿಗೆ ಸುತ್ತಿದ ದಾರ ಉಂಗುರವಾಗಿ ಮುಚ್ಚಿಕೊಳ್ಳುತ್ತದೆ. ನನಗೆ ತುಂಬಾ ಇಷ್ಟವಾದ ಗಳಿಗೆ ಅದು. ಗಂಟುಗಳ ನಡುವೆ ಬಿಟ್ಟ ಪುಟ್ಟ ಕುಣಿಕೆಗಳಿಗೆ ಪಿಕಾಟ್ ಅಂತಾರೆ. ಅಂದಕ್ಕೂ ಅವೇ, ಒಂದು ಉಂಗುರವನ್ನು ಪಕ್ಕದ್ದಕ್ಕೆ ಸೇರಿಸುವುದಕ್ಕೂ ಅವೇ.

ಬೆರಳುದ್ದ ಲೇಸಿಗೆ ಒಂದು ಸಂಜೆ ಪೂರ್ತಿ ಬೇಕು. ಆ ಹೊತ್ತೆಲ್ಲ ಅವಳೇ ನೆನಪಾಗುತ್ತಾಳೆ, ಈಗ ಯಾವ ಪುಸ್ತಕ ಹಿಡಿದಿದ್ದಾಳೋ, ಪುಟದ ಮೂಲೆ ಮಡಚುವುದನ್ನು ಬಿಟ್ಟಿದ್ದಾಳೋ ಇಲ್ಲವೋ ಅಂತ. ಕೈಯಾರೆ ಮಾಡಿ ಕೊಡುವುದರಲ್ಲಿ ಅರ್ಧ ಖುಷಿ ಇದೇ ಅಲ್ವಾ? ಇನ್ನು ತೆಳುವಾಗಿ ಗಂಜಿ ಹಾಕಿ, ಒಣಗಿಸಿ, ನೀಲಿ ಕುಚ್ಚು ಕಟ್ಟಬೇಕು. ಆಮೇಲೆ ಅಮ್ಮನ ಕರ್ಚೀಫಿಗೆ ಅಂಚು.