ಮೊದಲ ಸಂಬಳದಲ್ಲಿ ಏನು ಕೊಂಡಿರಿ?

ಹತ್ತನೆಯ ವಯಸ್ಸಿನಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದೆನೆಂದು ಮಾತಿನ ನಡುವೆ ಹೇಳಿಬಿಟ್ಟರೆ ಸಾಕು, ಎರಡು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮಕ್ಕಳಾದರೆ, ‘ಮೊದಲ ಸಂಬಳ ಎಷ್ಟು ಬಂತು, ಅದರಲ್ಲಿ ಏನು ಕೊಂಡಿರಿ?’ ಎಂದು ಕೇಳುತ್ತಾರೆ. ದೊಡ್ಡವರ ಪ್ರಶ್ನೆಯಲ್ಲಿ ಉತ್ತರವೂ ಸೇರಿಕೊಂಡೇ ಇರುತ್ತದೆ: ‘ಆ ವಯಸ್ಸಿನಲ್ಲಿ ದುಡಿದದ್ದರಿಂದಲೇ ಅಲ್ಲವೇ ನೀವು ಈ ಮಟ್ಟಕ್ಕೆ ಬಂದದ್ದು?’ ಈ ಮಟ್ಟವೆಂದರೆ ಸಹಕಾರ ಸಂಘಗಳ ಲೆಕ್ಕ ಪರಿಶೋಧಕನಾಗಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ನಿವೃತ್ತನಾದದ್ದು. ಮಾದರಿಯಾಗಿ ತೋರಿಸುವಂಥದ್ದೇನೂ ಅದರಲ್ಲಿಲ್ಲ. ಆದರೂ ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರಾದ್ದರಿಂದ, ಪ್ರತಿ ಸಲವೂ ಅರ್ಧಂಬರ್ಧ ಹೇಳಿ ಮುಗಿಸುವ ಬದಲು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಒಂದು ಸುಗ್ಗಿಯ ದುಡಿಮೆಗೆ 3 ರೂಪಾಯಿ 75 ಪೈಸೆ ಬಂತು. ಏನನ್ನೂ ಕೊಳ್ಳಲಿಲ್ಲ, ಏಕೆಂದರೆ ಆ ಹಣವನ್ನು ನಾನು ಕಣ್ಣಿನಿಂದ ನೋಡಲೇ ಇಲ್ಲ.

ಅದು 1972ರ ಚಳಿಗಾಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಒಂದು ಹಳ್ಳಿ. ನಮ್ಮದು ಗೇಣಿ ಗದ್ದೆ. ಉಳುವವನಿಗೆ ಹೊಲ ಸಿಕ್ಕ 1974ರ ಭೂಸುಧಾರಣೆ ಇನ್ನೂ ಬಂದಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯ ಭತ್ತ ತೀರಿ, ಅಮ್ಮ ತೋಟದ ಯಜಮಾನರ ಮನೆಯಿಂದ ಅಕ್ಕಿ ತರುತ್ತಿದ್ದಳು. ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾದ ಮೇಲೆ ಅದನ್ನು ಸುಲಿದು ತೀರಿಸುವುದು ವಾಡಿಕೆ. ಹಗಲು ಅಡಿಕೆ ಗೊನೆ ಇಳಿಸುವ ಕೊನೆಗೌಡ ಮರದಿಂದ ಮರಕ್ಕೆ ಜೋಲಿ ಹೊಡೆಯುತ್ತಾ ಕೊನೆಗಳನ್ನು ಹಗ್ಗದ ಮೇಲೆ ಜಾರಿಸುತ್ತಿದ್ದ, ಸಂಜೆಯ ಹೊತ್ತಿಗೆ ಅಂಗಳದಲ್ಲಿ ಹಸಿರು ಅಡಿಕೆ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಹಸಿ ಅಡಿಕೆ ಕಾಯುವ ಪದಾರ್ಥವಲ್ಲ. ಕೊಯ್ದದ್ದನ್ನು ಬೇಗ ಸುಲಿದು, ಹಂಡೆಯಲ್ಲಿ ಚೊಗರು, ಅಂದರೆ ಹಿಂದೆ ಅಡಿಕೆ ಬೇಯಿಸಿದ ಒಗರು ನೀರು, ಹಾಕಿ ಬೇಯಿಸಿ, ಚಪ್ಪರದ ಮೇಲೆ ಒಣಗಿಸಿದರೆ ಮಾತ್ರ ಅದು ಮಂಡಿಯವರು ಕಣ್ಣರಳಿಸಿ ನೋಡುವ ಕೆಂಪಡಿಕೆಯಾಗುತ್ತದೆ. ತಡವಾದರೆ ಸಿಪ್ಪೆ ಬಾಡಿ ಕತ್ತಿಗೆ ಬಗ್ಗುವುದಿಲ್ಲ, ಬಣ್ಣವೂ ಕೆಡುತ್ತದೆ. ಆದ್ದರಿಂದ ಸುಲಿತವೆಲ್ಲ ರಾತ್ರಿಯ ಕೆಲಸ.

ಊಟ ಮುಗಿಸಿ ಅಮ್ಮನ ಹಿಂದೆ ನಾನೂ ಹೊರಟೆ. ಕರೆದುಕೊಂಡು ಹೋದದ್ದು ಅವಳಲ್ಲ, ಮನೆಯಲ್ಲಿ ಒಬ್ಬನೇ ಮಲಗಲು ಹೆದರಿ ನಾನೇ ಹೋದದ್ದು. ಎರಡನೆಯ ರಾತ್ರಿ ಯಾರೋ ‘ಸುಮ್ಮನೆ ಕೂತಿದ್ದಾನಲ್ಲ’ ಎಂದು ನನ್ನ ಮುಂದೊಂದು ಕತ್ತಿ ಇಟ್ಟರು. ನನ್ನ ಉದ್ಯೋಗಪರ್ವ ಆರಂಭವಾದದ್ದು ಹೀಗೆ.

ಅಡಿಕೆ ಸುಲಿಯುವ ಕತ್ತಿಯನ್ನು ನೋಡದವರಿಗಾಗಿ ಎರಡು ಮಾತು. ಅದನ್ನು ಕೈಯಲ್ಲಿ ಹಿಡಿಯುವುದಿಲ್ಲ. ಮರದ ಹಲಗೆಗೆ ನೆಟ್ಟಗೆ ಕೂರಿಸಿದ ಮೊನಚಾದ ಅಲಗು ಅದು. ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ಅಡಿಕೆಯನ್ನೇ ಅಲಗಿನ ಬಳಿಗೆ ಒಯ್ಯಬೇಕು. ಅಡಿಕೆಯ ತೊಟ್ಟಿನ ಕಡೆಯನ್ನು ಮೊನೆಗೆ ಒತ್ತಿ, ಮಣಿಕಟ್ಟನ್ನು ಸ್ವಲ್ಪ ತಿರುವಿದರೆ ಸಿಪ್ಪೆ ಬಿರಿಯುತ್ತದೆ. ಮತ್ತೊಂದು ತಿರುವಿಗೆ ಒಳಗಿನ ಕಾಯಿ ಇಡಿಯಾಗಿ ಜಾರಿ ಬುಟ್ಟಿಗೆ ಬೀಳಬೇಕು. ಅಲಗು ಸಿಪ್ಪೆಯನ್ನು ದಾಟಿ ಕಾಯಿಗೆ ತಗುಲಬಾರದು. ತಗುಲಿದರೆ ಕಾಯಿ ಹೋಳಾಗಿ, ‘ರಾಶಿ ಇಡಿ’ ಎಂಬ ಇಡಿ ಅಡಿಕೆಯ ದರ್ಜೆಯ ದರ ಅದಕ್ಕೆ ಸಿಗುವುದಿಲ್ಲ, ತಪ್ಪಿದರೆ ಹೆಬ್ಬೆರಳು ಹೋಳಾಗುತ್ತದೆ. ನನ್ನ ಪಕ್ಕದ ಕತ್ತಿಯಲ್ಲಿ ಕೂರುತ್ತಿದ್ದ ಅಕ್ಕ ಒಬ್ಬಳು ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ನನ್ನ ಬೆರಳಿಗೆ ಸುತ್ತಿ, ‘ತಮ್ಮಾ, ಕತ್ತಿ ನೋಡಬೇಡ, ಅಡಿಕೆ ನೋಡು’ ಎಂದಳು. ಅವಳಂತೂ ಎರಡನ್ನೂ ನೋಡುತ್ತಿರಲಿಲ್ಲ. ಎದುರಿನವರೊಂದಿಗೆ ಮಾತನಾಡುತ್ತಾ, ಯಾರದೋ ಮದುವೆ ಮುರಿದ ಕಥೆ ಕೇಳುತ್ತಾ, ರಾತ್ರಿಗೆ ಎರಡು ಡಬ್ಬ ಸುಲಿಯುವ ಹೆಂಗಸೆಂದು ಅವಳಿಗೆ ಹೆಸರಿತ್ತು.

ಡಬ್ಬವೇ ಈ ಬರಹದ ಮುಖ್ಯ ಪಾತ್ರವಾದ್ದರಿಂದ ಅದರ ಬಗ್ಗೆ ತುಸು ವಿವರವಾಗಿ ಹೇಳಬೇಕು. ಎಣ್ಣೆ ತುಂಬಿ ಬರುತ್ತಿದ್ದ ತಗಡಿನ ಚೌಕ ಡಬ್ಬ ಅದು. ಮೇಲ್ಭಾಗ ಕತ್ತರಿಸಿ, ಅಂಚು ಮಡಚಿರುತ್ತಿದ್ದರು. ಸುಲಿದ ಅಡಿಕೆ ಒಂದು ಡಬ್ಬ ತುಂಬಿದರೆ 50 ಪೈಸೆ. ತುಂಬಿತು ಎಂದರೆ ಏನು ಎಂಬುದರಲ್ಲಿ ಇಡೀ ವ್ಯವಹಾರ ಅಡಗಿತ್ತು. ರಾತ್ರಿಯ ಕೊನೆಗೆ ಲೆಕ್ಕ ಬರೆಯುವವರು ಗ್ಯಾಸ್‌ಲೈಟ್ ಹಿಡಿದುಕೊಂಡು ಬರುತ್ತಿದ್ದರು. ನಾವು ಅಂಚಿನವರೆಗೆ ತುಂಬಿದ ಡಬ್ಬವನ್ನು ಅವರು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಎರಡು ಸಲ ಕುಟ್ಟಿ, ಒಮ್ಮೆ ಅಲುಗಿಸಿದರೆ ಅಡಿಕೆ ನಾಲ್ಕು ಬೆರಳು ಕೆಳಗಿಳಿಯುತ್ತಿತ್ತು. ‘ಇನ್ನೂ ಹಿಡಿಯುತ್ತದೆ’ ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಮತ್ತೆ ತುಂಬಬೇಕು, ಗೋಪುರ ಕಟ್ಟುವವರೆಗೆ. ಪಕ್ಕ ತಗ್ಗಾದ ಹಳೆಯ ಡಬ್ಬ ಸಿಕ್ಕಿದರೆ ಅದೇ ನಮ್ಮ ಭಾಗ್ಯ, ಏಕೆಂದರೆ ಅದು ಬೇಗ ತುಂಬುತ್ತದೆ. ಅದಕ್ಕಾಗಿ ಮಕ್ಕಳು ಮೊದಲೇ ಹೋಗಿ ಜಾಗ ಹಿಡಿಯುತ್ತಿದ್ದೆವು. ಒಂದು ಸಂಜೆ ಹೋಗಿ ನೋಡಿದರೆ ಎಲ್ಲ ಡಬ್ಬಗಳ ತಗ್ಗನ್ನೂ ಒಳಗಿನಿಂದ ಬಡಿದು ಸರಿಮಾಡಿ ಇಡಲಾಗಿತ್ತು. ಯಾರೂ ಏನೂ ಹೇಳಲಿಲ್ಲ.

ಹೇಳಬೇಕಿತ್ತು ಎಂದು ಈಗ ಅನ್ನಿಸುವುದು ಸುಲಭ. ಅದೇ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಅವರ ದೂರುಗಳಲ್ಲಿ ಒಂದು ಇಂಥದ್ದೇ ಆಗಿತ್ತು: ಗೇಣಿ ಭತ್ತ ಅಳೆದುಕೊಳ್ಳುವಾಗ ಭೂಮಾಲೀಕರು ಬಳಸುತ್ತಿದ್ದ ಕೊಳಗ ದೊಡ್ಡದು ಎಂಬುದು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ನಮ್ಮ ಶಾಲೆಯಲ್ಲಿ ಅದರ ಹೆಸರನ್ನೂ ಯಾರೂ ಎತ್ತಿರಲಿಲ್ಲ. ನಾನು ಓದಿ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಓದಿದ ದಿನ ಮೊದಲು ನೆನಪಾದದ್ದು ಲೋಹಿಯಾ ಅಲ್ಲ, ನೆಲಕ್ಕೆ ಕುಟ್ಟುವ ಡಬ್ಬದ ಸದ್ದು.

ಸುಗ್ಗಿ ಮುಗಿದ ದಿನ ಎಲ್ಲರನ್ನೂ ಕೂರಿಸಿ ಲೆಕ್ಕ ಓದಿದರು. ನನಗೂ ಕೈಗೆ ದುಡ್ಡು ಬರುತ್ತದೆಂದು ಅಂಗಿಯ ಜೇಬನ್ನು ಹಿಂದಿನ ದಿನವೇ ಅಮ್ಮನಿಂದ ಹೊಲಿಸಿಕೊಂಡಿದ್ದೆ. ಅಮ್ಮನ ಸರದಿ ಬಂದಾಗ ಅವಳ ಸುಲಿತ, ನನ್ನ ಸುಲಿತ ಎರಡನ್ನೂ ಕೂಡಿ, ಮಳೆಗಾಲದ ಅಕ್ಕಿಯ ಬಾಬ್ತಿಗೆ ವಜಾ ಮಾಡಿ, ಬಾಕಿ ಇಷ್ಟು ಉಳಿಯಿತು ಎಂದು ಹೇಳಿ ಪುಸ್ತಕದ ಪುಟ ಮಗುಚಿದರು. ಬಾಕಿ ನಮ್ಮಿಂದಲೇ ಬರಬೇಕಾದದ್ದು. ಎಲ್ಲರಿಗೂ ಕೊಡುವಂತೆ ನಮಗೂ ಅವಲಕ್ಕಿ ಬೆಲ್ಲ ಕೊಟ್ಟರು, ಅದು ಹೊಸ ಜೇಬಿಗೆ ಹೋಯಿತು. ದಾರಿಯಲ್ಲಿ ಅಮ್ಮ, ‘ನೀನು ಸುಲಿದದ್ದಕ್ಕೆ ಕೆಲವು ದಿನದ ಅಕ್ಕಿ ತೀರಿತು’ ಎಂದಳು. ಅವಳು ಹೆಮ್ಮೆಯಿಂದ ಹೇಳಿದಳೋ ಸಮಾಧಾನಕ್ಕೆ ಹೇಳಿದಳೋ ನನಗೆ ತಿಳಿಯಲಿಲ್ಲ. ತಿಂದು ಮುಗಿದುಹೋದ ಅಕ್ಕಿಗೆ ದುಡಿಯುವುದು ಹತ್ತು ವರ್ಷದ ಹುಡುಗನಿಗೆ ಅರ್ಥವಾಗುವ ಗಣಿತವಲ್ಲ.

ಇನ್ನು ದೊಡ್ಡವರ ಪ್ರಶ್ನೆ. ಅಡಿಕೆ ಸುಲಿದದ್ದರಿಂದ ನಾನು ಲೆಕ್ಕ ಪರಿಶೋಧಕನಾದೆ ಎಂಬುದು ಭಾಷಣಕ್ಕೆ ಚೆನ್ನಾಗಿ ಹೊಂದುತ್ತದೆ, ಆದರೆ ನಿಜವಲ್ಲ. ಮೇಷ್ಟ್ರೊಬ್ಬರು ಅರ್ಜಿ ತಂದುಕೊಟ್ಟು ಪರೀಕ್ಷೆ ಬರೆಸಿದ್ದರಿಂದ ಆದೆ. ಆ ಅಂಗಳದಲ್ಲಿ ಸುಲಿದ ಇತರ ಮಕ್ಕಳಲ್ಲಿ ಹೆಚ್ಚಿನವರು ಏಳನೆಯ ತರಗತಿ ದಾಟಲಿಲ್ಲ, ಅವರದೂ ಅದೇ ಕತ್ತಿ, ಅದೇ ಡಬ್ಬ. ದುಡಿಮೆ ಮನುಷ್ಯನನ್ನು ರೂಪಿಸುತ್ತದೆ ಎನ್ನುವವರು ಅವರನ್ನು ಸಮಾರಂಭಕ್ಕೆ ಕರೆಯುವುದಿಲ್ಲವಾದ್ದರಿಂದ ಲೆಕ್ಕ ಯಾವಾಗಲೂ ತಾಳೆಯಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಯಜಮಾನರ ಮಗ ನನ್ನ ಸಹಪಾಠಿ. ಅವನೂ ನಮ್ಮ ಸಾಲಿನಲ್ಲೇ ಕೂತು ಸುಲಿಯುತ್ತಿದ್ದ, ನನಗಿಂತ ಚೆನ್ನಾಗಿಯೇ ಸುಲಿಯುತ್ತಿದ್ದ. ಅವನ ಮುಂದೆ ಡಬ್ಬ ಇರಲಿಲ್ಲ. ಅವನ ಅಡಿಕೆ ನೇರವಾಗಿ ನಡುವಿನ ರಾಶಿಗೆ ಬೀಳುತ್ತಿತ್ತು. ನಿದ್ದೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ಶ್ರಮದ ಪಾಠ ಎಂಬುದೊಂದಿದ್ದರೆ ಅದು ಅವನಿಗೂ ಅಷ್ಟೇ ಸಿಕ್ಕಿದೆ. ನನಗೆ ಹೆಚ್ಚಾಗಿ ಸಿಕ್ಕದ್ದು ಅಳತೆಗೆ ಒಳಗಾಗುವ ಅನುಭವ, ಅದೂ ಇನ್ನೊಬ್ಬರ ಕೈಯಲ್ಲಿರುವ ಅಳತೆಗೆ. ಬಾಲಕಾರ್ಮಿಕ ಕಾಯ್ದೆ ಬಂದದ್ದು 1986ರಲ್ಲಿ; 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, ಆದರೆ ಅಪಾಯಕಾರಿಯಲ್ಲದ ಮನೆತನದ ಕಸುಬಿನಲ್ಲಿ ಶಾಲೆಯ ಹೊತ್ತು ಬಿಟ್ಟು ನೆರವಾಗಬಹುದು. ಇಂದಿನ ಕಾಯ್ದೆಯನ್ನು ಆ ಅಂಗಳಕ್ಕೆ ಹಿಡಿದರೆ ನಾನು ಕೂತದ್ದು ಕಾನೂನಿನ ಆಚೆ, ಅವನು ಕೂತದ್ದು ಈಚೆ, ಎಂದು ವಾದಿಸಲು ಜಾಗವಿದೆ. ನಡುವೆ ಇದ್ದದ್ದು ಒಂದು ಮೊಳ ನೆಲ. ಈ ವಿನಾಯಿತಿಯನ್ನು ಟೀಕಿಸುವವರ ವಾದ ನನಗೆ ಗೊತ್ತು, ಬಹುಪಾಲು ಒಪ್ಪುತ್ತೇನೆ ಕೂಡ. ಆದರೂ ಆ ಒಂದು ಮೊಳದ ಅಂತರವನ್ನು ಕಾನೂನು ಗುರುತಿಸಿದ್ದು ಸುಳ್ಳಲ್ಲ ಎನ್ನುವುದು ನನ್ನ ಅಭಿಪ್ರಾಯ.

ಕಷ್ಟವೇ ಆಯಿತು ಎಂದು ಹೇಳಿದರೂ ತಪ್ಪಾಗುತ್ತದೆ. ಗ್ಯಾಸ್‌ಲೈಟಿನ ಸುಯ್ಯೆನ್ನುವ ಸದ್ದು, ಹಂಡೆಯಿಂದ ಏಳುವ ಚೊಗರಿನ ಒಗರು ವಾಸನೆ, ಜಗುಲಿಯ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ, ಯಕ್ಷಗಾನದ ವೇಷಗಳ ಬಗ್ಗೆ ಮುಗಿಯದ ಜಗಳ, ಇವನ್ನೆಲ್ಲ ನಾನು ಇಂದಿಗೂ ಬಯಸುತ್ತೇನೆ. ಅಡಿಕೆಯ ಕರೆ ಹಿಡಿದು ಬೆರಳುಗಳು ಕಪ್ಪಾಗುತ್ತಿದ್ದವು, ನಿಂಬೆಹಣ್ಣು ಉಜ್ಜಿದರೂ ವಾರಗಟ್ಟಲೆ ಹೋಗುತ್ತಿರಲಿಲ್ಲ. ಸೋಮವಾರ ಉಗುರು ನೋಡುತ್ತಿದ್ದ ಮೇಷ್ಟ್ರು ಆ ಎರಡು ತಿಂಗಳು ಕಪ್ಪು ಕೈಗಳ ಮುಂದೆ ನಿಲ್ಲದೆ ದಾಟಿ ಹೋಗುತ್ತಿದ್ದರು. ಸುಮ್ಮನೆ ದಾಟಿದ್ದು ದೊಡ್ಡ ಮರ್ಯಾದೆಯೆಂದು ನಮಗೆ ಅನ್ನಿಸುತ್ತಿತ್ತು. ಕೂತಲ್ಲೇ ತೂಕಡಿಸಿ ನಾನು ಬುಟ್ಟಿಗೆ ಒರಗಿಬಿಡುತ್ತಿದ್ದೆ; ಎಚ್ಚರವಾದಾಗ ಡಬ್ಬ ನಾನು ಬಿಟ್ಟಿದ್ದಕ್ಕಿಂತ ಮೇಲಕ್ಕೆ ಬಂದಿರುತ್ತಿತ್ತು. ನಿದ್ದೆಗಣ್ಣಿನಲ್ಲೇ ಸುಲಿದಿದ್ದೇನೆಂದು ನಂಬಿ, ಆ ಬಗ್ಗೆ ಶಾಲೆಯಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು.

3 ರೂಪಾಯಿ 75 ಪೈಸೆ ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಕೆಲವು ವರ್ಷಗಳ ಹಿಂದೆ ಆ ಸಹಪಾಠಿ ಹಳೆಯ ಮನೆ ಬಿಚ್ಚಿಸುವಾಗ ಅಟ್ಟದಿಂದ ಇಳಿದ ಲೆಕ್ಕದ ಪುಸ್ತಕಗಳನ್ನು ನನಗಾಗಿ ಎತ್ತಿಟ್ಟಿದ್ದ. ಈಗ ಅವನ ಮನೆಯಲ್ಲಿ ಸುಲಿಯುವುದು ಯಂತ್ರ. ಗೆದ್ದಲು ಹಿಡಿದ ಪುಟಗಳ ನಡುವೆ ಅಮ್ಮನ ಹೆಸರಿನ ಪುಟ ಉಳಿದಿತ್ತು. ಅದರ ಕೆಳಗೆ ‘ಸದರಿಯವಳ ಮಗ’ ಎಂದು ಬರೆದು, 15 ರಾತ್ರಿಗಳ ಎದುರು ಅರ್ಧ ಅರ್ಧ ಡಬ್ಬ ಹಾಕಿ, ಒಟ್ಟು ಡಬ್ಬ ಏಳೂವರೆ ಎಂದು ಕೂಡಿದ್ದರು. ವೃತ್ತಿಯ ಚಟ ಬಿಡುವುದಿಲ್ಲ. ನನಗೆ ನೆನಪಿರುವಂತೆ ಕಾಲು ಡಬ್ಬಕ್ಕಿಂತ ಹೆಚ್ಚು ನಾನು ಒಂದು ರಾತ್ರಿಯೂ ಸುಲಿದವನಲ್ಲ. ಪುಟ ತಿರುವಿ ಪಕ್ಕದ ಕತ್ತಿಯ ಅಕ್ಕನ ಲೆಕ್ಕ ತೆಗೆದೆ. ಸುಗ್ಗಿಯುದ್ದಕ್ಕೂ ಎರಡು, ಎರಡು, ಎರಡು ಎಂದೇ ಇತ್ತು. ನಾನು ಹೋಗಿದ್ದ ಹದಿನೈದು ರಾತ್ರಿಗಳ ಎದುರಿನಲ್ಲಿ ಮಾತ್ರ ಒಂದೂಮುಕ್ಕಾಲು.